ಒಂದು ನಿಮಿಷ

ಬೆಂಗ್ರೆಯಿಂದ ಮೊದಲ ಫೆರಿ ಹಿಡಿದು ಬರುತ್ತಿದ್ದ ಯಕ್ಷಿತ್,
ಸ್ಪೈಕ್ಸನ್ನು ಕೊರಳಿಗೆ ನೇತುಹಾಕಿಕೊಂಡು.
ಮಂಗಳಾ ಸ್ಟೇಡಿಯಮ್ಮಿನ ವಾಚ್‌ಮನ್ ಬೀಗ ಹುಡುಕುವಷ್ಟರಲ್ಲಿ
ಕಂಪೌಂಡು ಹಾರಿ ಒಳಗೆ.
ಎಂಟುನೂರು ಮೀಟರು ಅವನದು.
ಒಂದು ಕಾಲಕ್ಕೆ ನನ್ನದೂ ಅದೇ,
ಬರಿಗಾಲಲ್ಲಿ, ಕಲ್ಲುಪುಡಿಯ ಮೇಲೆ.

ಆ ಸೋಮವಾರ ಓಟ ಮುಗಿಸಿ
ಮೊಣಕಾಲು ಹಿಡಿದು ಬಗ್ಗಿ ನಗುತ್ತಾ ಹೇಳಿದ:
ಇವತ್ತು ಹಾರಿದೆ ಟೀಚರೇ,
ಕೆಳಗೆ ನೆಲ ಉಂಟಂತಲೇ ಗೊತ್ತಾಗಲಿಲ್ಲ.
ಎಷ್ಟು ಬಂತು, ಒಂದು ಐವತ್ತೆರಡು?

ವಾಚು ತೋರಿಸಿದೆ.
ಎರಡು ನಿಮಿಷ ಆರು ಸೆಕೆಂಡು,
ಪಿಯುಸಿಯಲ್ಲೇ ಅವನು ಬಿಟ್ಟುಬಂದ ಟೈಮು.

ವಾಚು ಹಾಳಾಗಿದೆ ಎಂದ. ಬ್ಯಾಟರಿ ಎಂದ.
ನೀವು ಒತ್ತಿದ್ದು ತಡವಾಯಿತು ಎಂದ.
ನನ್ನ ಹೆಬ್ಬೆರಳಿಗೆ ಇಪ್ಪತ್ತಾರು ವರ್ಷದ ಸರ್ವಿಸು.
ಕೋಪ ಬಂದದ್ದು ಅದಕ್ಕೆ, ನನಗಲ್ಲ.

ಮಾರನೇ ದಿನ ವಾರ್ಮಪ್ಪಿಗೂ ಮೊದಲು ಮಣಿಕಟ್ಟು ಹಿಡಿದೆ.
ಐವತ್ತೆರಡರಲ್ಲಿ ತೆಪ್ಪಗೆ ಕೂತಿರಬೇಕಾದ ನಾಡಿ
ತೊಂಬತ್ತಾರರಲ್ಲಿ ಓಡುತ್ತಿತ್ತು,
ಬೆಂಚಿನ ಮೇಲೆ, ಯಾರೂ ಗನ್ ಹೊಡೆಯದೆ.
ಹೃದಯ ಒಂಟಿಯಾಗಿ ಒಂದು ಹೀಟ್ ಮುಗಿಸಿ ಬಂದು
ಮಿಕ್ಕದ್ದನ್ನಷ್ಟೇ ಕಾಲಿಗೆ ಕೊಡುತ್ತಿತ್ತು.
ಜೆರ್ಸಿಯಲ್ಲಿ ವಾಸನೆ.
ಬೋಟಿನ ಡೀಸೆಲ್ ಟೀಚರೇ ಎಂದ.
ನನ್ನ ಅಪ್ಪ ಬೋಟಿನ ಇಂಜಿನ್ ಡ್ರೈವರು.
ಡೀಸೆಲ್ ನನಗೆ ಗೊತ್ತುಂಟು.

ಬೈಯಲಿಲ್ಲ. ಕಣ್ಣು ಮುಚ್ಚು ಎಂದೆ.
ಎಣಿಸಬೇಡ. ಒಂದು ನಿಮಿಷ ಆಯಿತು ಅನಿಸಿದಾಗ ಕೈ ಎತ್ತು.
ಈಜುಕೊಳದ ಕಡೆಯಿಂದ ಒಂದು ಸೀಟಿ.
ಲೇನ್ ಮೂರರಲ್ಲಿ ಕಾಗೆಯೊಂದು ಏನನ್ನೋ ಕುಕ್ಕುತ್ತಿತ್ತು.
ಕೈ ಎತ್ತಿದ.

ನಲವತ್ತೊಂದು.

ಇನ್ನು ಹತ್ತೊಂಬತ್ತು ಎಲ್ಲಿ ಹೋಯಿತು ಮಾರಾಯಾ?
ಹತ್ತೊಂಬತ್ತು ಸೆಕೆಂಡಿಗೆ ನೀನು
ನೂರಮೂವತ್ತು ಮೀಟರು ಓಡುವವ.
ಕೊನೆಯ ತಿರುವು ಪೂರ್ತಿ.
ಅಷ್ಟು ಟ್ರ್ಯಾಕನ್ನು ಚಾಪೆಯ ಹಾಗೆ ಸುತ್ತಿ
ಯಾರು ಹೊತ್ತುಕೊಂಡು ಹೋದರು?

ಆಗ ಬಾಯಿಬಿಟ್ಟ.
ಜಿಮ್ಮಿನ ಅಣ್ಣ ಹೇಳಿದನಂತೆ, ಶ್ವಾಸ ತೆರೀತದೆ ಅಂತ.
ಶ್ವಾಸ ಗೊತ್ತಿಲ್ಲ ಟೀಚರೇ, ಎಡಗಾಲಿನ ಮುಂದುಗಡೆ
ಎಲುಬು ಕಟಕಟ ಅನ್ನುವುದು ನಿಲ್ತದೆ.
ನಿದ್ದೆ ಬರ್ತದೆ.
ರಾತ್ರಿ ಕಾಲು ಸುಮ್ಮನಾಗ್ತದೆ.

ವೆನ್ಲಾಕಿನಲ್ಲಿ ಎಕ್ಸ್‌ರೇ ಹಾಳೆಯನ್ನು
ಕಿಟಕಿಯ ಬೆಳಕಿಗೆ ಹಿಡಿದೆವು.
ಕೂದಲೆಳೆಯಷ್ಟು ಬಿರುಕು.
ಕಾಲು ಸುಮ್ಮನಾಗಿರಲಿಲ್ಲ.
ಅದು ಕೂಗುತ್ತಲೇ ಇತ್ತು,
ಇವನು ಒಳಗಿನಿಂದ ಚಿಲಕ ಹಾಕಿಕೊಂಡಿದ್ದ.

ಮೂಡುಬಿದಿರೆಯ ಮೀಟು ಅವನಿಲ್ಲದೆ ನಡೆಯಿತು.
ಹೆಸರಿನ ಮುಂದೆ 'ಗಾಯ' ಎಂದು ಬರೆದು ಸಹಿ ಹಾಕಿದೆ.
ಸುಳ್ಳಲ್ಲ.
ಆ ಪೆನ್ನನ್ನು ಆಮೇಲೆ ನಾನು ಬಳಸಿಲ್ಲ.

ಓಡಲು ಇಲ್ಲದಿದ್ದರೂ ಬರುತ್ತಿದ್ದ.
ಬೆಂಚಿನಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದ.
ನಲವತ್ತನಾಲ್ಕು. ನಲವತ್ತೇಳು.
ಒಂದು ಶನಿವಾರ ಮೂವತ್ತೊಂಬತ್ತು.
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ,
ಫೆರಿಗೆ ಚಿಲ್ಲರೆ ಉಂಟಾ ಎಂದು ಮಾತ್ರ ಕೇಳಿದೆ.
ಮತ್ತೆ ಐವತ್ತು. ಐವತ್ತಮೂರು.

ಮನೆಯಲ್ಲಿ ನಾನೂ ಒಮ್ಮೆ ಮುಚ್ಚಿ ನೋಡಿದೆ.
ಎಪ್ಪತ್ತೆರಡು.
ಗಂಜಿ ಉಕ್ಕಿ ಗ್ಯಾಸು ಆರಿತ್ತು.

ಹನ್ನೊಂದನೇ ವಾರ, ಮಂಜು ಇನ್ನೂ ಗ್ಯಾಲರಿಯ ಮೆಟ್ಟಿಲಲ್ಲಿ,
ಎರಡು ಸುತ್ತು ಓಡಿ ಬಂದು ಹುಲ್ಲಿನಲ್ಲಿ ಬಿದ್ದ.
ವಾಚು ನೋಡುವ ಮೊದಲೇ ಹೇಳಿದ,
ಎರಡು ಹತ್ತು ಆಗಿರಬೇಕು. ಛೇ.
ಎರಡು ಹತ್ತು ಚಿಲ್ಲರೆ.
ನನ್ನ ಹೆಬ್ಬೆರಳು ಅವನನ್ನು ನೋಡಿ ನಕ್ಕಿತು.

ನೋಯ್ತದೆ ಟೀಚರೇ.
ಎಲ್ಲಿ?
ತೊಡೆ. ಎದೆ. ಎಲ್ಲಾ ಕಡೆ.
ಎಡಗಾಲಿನ ಎಲುಬು?

ಹುಲ್ಲಿನ ಮೇಲೆ ಕಾಲು ಚಾಚಿ
ಸ್ವಲ್ಪ ಹೊತ್ತು ಕಿವಿಗೊಟ್ಟ.